ಸಾಮಾನ್ಯವಾಗಿ ಇಲ್ಲಿ ವಾಸವಿಲ್ಲದ ಪುದಿಯಾಪ್ಲೆ

ಉಳ್ಳಾಲ
18 ಸೆಪ್ಟೆಂಬರ್ 2025

ಪ್ರೀತಿಯ ಪುದಿಯಾಪ್ಲೆ, ನನ್ನ ಹೊಸ ಮದುಮಗನೇ,

ಅಂಗಡಿ ಸಿಕ್ಕಿತು, ಕೊಡಿಯಾಲ್‌ಬೈಲಿನದ್ದು, ನಾವಿಬ್ಬರೂ ಬಸ್ಸಿನಿಂದ ಇಣುಕಿ ನೋಡಿದೆವಲ್ಲ, ಅದೇ, ಎದುರಿಗೆ ಇಡೀ ಗಾಜು ಇರುವುದು, ಅದು ನಮ್ಮದೇ! ಸಲಾಂ ಹೇಳುವ ಮೊದಲೇ ಇದನ್ನು ಬರೆದುಬಿಟ್ಟೆ. ಈಗ ಹೇಳುತ್ತೇನೆ, ಅಸ್ಸಲಾಮು ಅಲೈಕುಂ.

ಉಪ್ಪ ಸಂಜೆ ಬಂದರಿನ ತಮ್ಮ ಹಗ್ಗ-ಬಲೆ ಅಂಗಡಿಯಿಂದ ಬಂದು, ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಟವೆಲಿನಲ್ಲಿ ಮುಖ ಒರೆಸುತ್ತ, ಹಗ್ಗದ ರೇಟು ಹೇಳುವ ಹಾಗೆ ಹೇಳಿದರು. ಕಟ್ಟಡದ ಯಜಮಾನ ಪೃಥ್ವಿರಾಜ್ ಶೆಟ್ಟರು ನಮ್ಮ ಕನ್ನಡಕದ ಅಂಗಡಿಗೆ ಬಾಡಿಗೆಗೆ ಕೊಡಲು ಒಪ್ಪಿದ್ದಾರಂತೆ. ನಾನು ಮರ್ವಾಳನ್ನು ಹಿಡಿದು ಹಾಲ್‌ನಲ್ಲಿ ಒಂದು ಸುತ್ತು ತಿರುಗಿಸಿದೆ. ಅವಳು, "ನನ್ನನ್ನು ಬಿಡು ದಾದಾ, ನಿನಗೆ ಗಂಡ ಇದ್ದಾನಲ್ಲ, ಅವನನ್ನು ತಿರುಗಿಸು" ಎಂದಳು. ಅಕ್ಕನನ್ನು ದಾದಾ ಎಂದು ಕರೆಯುತ್ತಲೇ ತಂಗಿಯಾದವಳ ಬಾಯಿ ನೋಡಿ. ತಿರುಗಿಸಲು ಗಂಡ ಮುಂಬೈಯಲ್ಲಿ ಲೆನ್ಸ್ ತಿರುಗಿಸುತ್ತ ಕೂತಿದ್ದಾನೆ ಎಂದು ನಾನೂ ಹೇಳಿದೆ.

ಇವತ್ತು ಬೆಳಗ್ಗೆ ಸುಮ್ಮನೆ ಮಂಗಳೂರು ಸ್ಟೇಟ್‌ಬ್ಯಾಂಕ್ ಸ್ಟಾಪಿನ ಬಸ್ಸು ಹತ್ತಿ, ಅಲ್ಲಿಂದ ನಡೆದು, ಅಂಗಡಿಯ ಎದುರಿನ ಫುಟ್‌ಪಾತಿನಲ್ಲಿ ನಿಂತೆ. ಆ ರಸ್ತೆಯಲ್ಲಿ ಎಷ್ಟು ಕಾಲೇಜು ಮಕ್ಕಳು! ಅರ್ಧ ಜನ ಕನ್ನಡಕ ಹಾಕಿದ್ದಾರೆ, ಉಳಿದರ್ಧ ಜನ ಫೋನ್ ನೋಡುತ್ತಾ ನಡೆಯುವುದು ಕಂಡರೆ ಅವರಿಗೂ ಬೇಗನೇ ಬೇಕಾಗುತ್ತದೆ. ಬೋರ್ಡು ಎಲ್ಲಿ, ಕಣ್ಣು ಪರೀಕ್ಷೆಯ ಕುರ್ಚಿ ಎಲ್ಲಿ, ಎಲ್ಲ ಗಾಜಿನ ಹೊರಗಿನಿಂದಲೇ ಇಟ್ಟು ಬಂದೆ.

ಶೆಟ್ಟರದ್ದು ಒಂದೇ ಮಾತು: ಹೊಸ ವರ್ಷಕ್ಕೆ ಬೋರ್ಡು ಏರಬೇಕು, ಇಲ್ಲವಾದರೆ ಬೇರೆಯವರು ಕಾಯುತ್ತಿದ್ದಾರೆ. ಅದಕ್ಕೆ ಉಪ್ಪ ಹೇಳುವುದೇನೆಂದರೆ, ನಿಮ್ಮ ಬಹರೈನಿನ ಡಿಪಾಸಿಟನ್ನು ಮುರಿದು ಹಣ ಪೂರ್ತಿ ಈಗಲೇ ಇಲ್ಲಿಗೆ ತರಬೇಕಂತೆ. ತಡ ಮಾಡಿದರೆ ಇನ್‌ಕಮ್ ಟ್ಯಾಕ್ಸಿನವರು ಮೂರನೇ ಒಂದು ಪಾಲು ಎತ್ತಿಕೊಂಡು ಹೋಗುತ್ತಾರೆ ಎಂದು ಬಂದರಿನಲ್ಲಿ ಯಾರೋ ಹೇಳಿದ್ದಾರೆ. ಬಂದರಿನಲ್ಲಿ ಎಲ್ಲದಕ್ಕೂ ಯಾರೋ ಇರುತ್ತಾರೆ. ನೀವು ನಿಮ್ಮ ಗೆಳೆಯ ಫ್ಲೋಯ್ಡ್ ಹತ್ತಿರ ಕೇಳಿ, ಅವರೂ ಹಾಗೆಯೇ ಊರಿಗೆ ಬಂದವರಲ್ಲವಾ. ನೀವು ಬರೆದುಕೊಟ್ಟ ಚೆಕ್ಕನ್ನು ಅಡ್ವಾನ್ಸಿಗೆಂದು ಉಪ್ಪ ಈ ತಿಂಗಳೊಳಗೆ ಬ್ಯಾಂಕಿಗೆ ಹಾಕುತ್ತಾರೆ.

ನಮ್ಮ ನಿಯಮ ನೆನಪುಂಟಲ್ಲ? ಫೋನಿನಲ್ಲಿ ಊಟ ಆಯಿತಾ, ನಿದ್ದೆ ಬಂತಾ ಅಷ್ಟೇ; ಉಳಿದದ್ದೆಲ್ಲ ಕಾಗದದಲ್ಲಿ, ಕನ್ನಡದಲ್ಲಿ. ಕೊಡಿಯಾಲ್‌ಬೈಲಿನಲ್ಲಿ ಅಂಗಡಿ ಇಡುವವನಿಗೆ ಗಿರಾಕಿಯ ಹೆಸರು ಬರೆಯಲು ಬಾರದಿದ್ದರೆ ಹೇಗೆ? ಇನ್ನೊಂದು ಕಾರಣವೂ ಉಂಟು. ನಾನು ಫೋನ್ ಎತ್ತಿದ ಕೂಡಲೇ ಉಮ್ಮ ಪಕ್ಕದಲ್ಲೇ ಬಟ್ಟೆ ಮಡಚಲು ಶುರು ಮಾಡುತ್ತಾರೆ. ನಮ್ಮ ಮನೆಯಲ್ಲಿ ಅಷ್ಟು ಬಟ್ಟೆ ಇಲ್ಲ.

ಒಂದು ತಿಂಗಳು ಎಂದು ಹೋದದ್ದು ನೀವು. ಹದಿನೈದು ದಿನ ಬಾಕಿ. ನಮ್ಮ ಕೋಣೆಯ ಪರದೆ ಬದಲಿಸಿದ್ದೇನೆ. ಬಣ್ಣ ಹೇಳುವುದಿಲ್ಲ.

ನಿಮ್ಮದೇ,
ಮುಫೀದಾ


ಮುಂಬೈ
29 ಸೆಪ್ಟೆಂಬರ್ 2025

ಮುಫೀದಾ,

ಸಲಾಂ. ಈ ಪತ್ರ ಬರೆಯಲು ಎರಡು ಸಂಜೆ ಬೇಕಾಯಿತು. ಒತ್ತಕ್ಷರ ನನ್ನ ಶತ್ರು. ಬಹರೈನಿನಲ್ಲಿ ನಾನು ಅರಬಿ, ಇಂಗ್ಲಿಷ್, ಹಿಂದಿ ಬರೆದೆ. ಊರಿನ ಕನ್ನಡ ಅಕ್ಷರ ಮಾತ್ರ ಕಲಿತದ್ದು ಮೂವತ್ತೊಂದನೇ ವಯಸ್ಸಿನಲ್ಲಿ.

ಅಂಗಡಿ ಸಿಕ್ಕಿದ್ದು ಸಂತೋಷ. ಇಲ್ಲಿ ಫ್ಲೋಯ್ಡ್‌ನ ಲ್ಯಾಬಿನಲ್ಲಿ ಕಲಿಯಲು ಇನ್ನೂ ಉಂಟು. ಇಲ್ಲಿಯ ಮಷಿನ್ ಬೇರೆ. ಒಂದು ತಿಂಗಳು ಸಾಕಾಗುವುದಿಲ್ಲ.

ಟ್ಯಾಕ್ಸ್ ವಿಷಯ ಕೇಳಿದೆ. ನಾನು ಇನ್ನು ಎರಡು ವರ್ಷ, ಬಹುಶಃ ಮೂರು, ಸಾಮಾನ್ಯವಾಗಿ ಇಲ್ಲಿ ವಾಸವಿಲ್ಲದವನು. ಅದು ನಮಗೆ ಒಳ್ಳೆಯದು. ಆದ್ದರಿಂದ ಹಣ ಅಲ್ಲಿಯೇ ಇರಲಿ. ಆಮೇಲೆ ಖಾಯಂ. ಉಪ್ಪನಿಗೆ ನೀನೇ ನಿಧಾನವಾಗಿ ತಿಳಿಸು.

ಪರದೆಯ ಬಣ್ಣ ಹೇಳು.

ಬಾಸಿತ್


ಉಳ್ಳಾಲ
7 ಅಕ್ಟೋಬರ್ 2025

ಶ್ರೀ ಬಾಸಿತ್ ಅವರಿಗೆ,

ಅಸ್ಸಲಾಮು ಅಲೈಕುಂ. ನಿಮ್ಮ ಪತ್ರ ತಲುಪಿತು. ವಿಷಯ ತಿಳಿಯಿತು. ಇಲ್ಲಿ ಎಲ್ಲರೂ ಕ್ಷೇಮ.

ಶಾಲೆಯಲ್ಲಿ ಕನ್ನಡ ಮೇಡಂ ಪತ್ರಲೇಖನ ಕಲಿಸುವಾಗ ಹೀಗೆಯೇ ಬರೆಯಬೇಕು ಎಂದಿದ್ದರು. ಆಗ ನಗು ಬರುತ್ತಿತ್ತು. ಇಷ್ಟು ಸಾಲು ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಈಗ ಗೊತ್ತಾಯಿತು.

ಎರಡು ವರ್ಷ ಇಲ್ಲಿ ವಾಸವಿಲ್ಲ ಎಂದು ತೀರ್ಮಾನ ಆಗಿದ್ದರೆ ನಿಕಾಹಿಗೆ ಮೊದಲೇ ಹೇಳಬಹುದಿತ್ತು. ಆಗ ನೀವು ಹೇಳಿದ್ದು ಬೇರೆ. ಹುಡುಗಿ ನೋಡಲು ಬಂದ ದಿನ ಉಪ್ಪ ಕೇಳಿದ್ದು ಒಂದೇ ಪ್ರಶ್ನೆ, ಗಲ್ಫಿಗೆ ವಾಪಸ್ ಹೋಗ್ತೀರಾ ಎಂದು. ನೀವು ಇಲ್ಲ ಎಂದಿರಿ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡದ್ದು ನಾನು. ಬೇರೆ ಎರಡು ಸಂಬಂಧ ನಾನು ಬೇಡ ಎಂದದ್ದೇ ಅದಕ್ಕೆ. ನಮ್ಮ ಬೀದಿಯಲ್ಲಿ ವರ್ಷಕ್ಕೊಮ್ಮೆ ಸೂಟ್‌ಕೇಸಿನೊಂದಿಗೆ ಬರುವ ಗಂಡಂದಿರು ತುಂಬ ಮಂದಿ ಇದ್ದಾರೆ. ಮಕ್ಕಳು ಅವರನ್ನು ಕಂಡು ಉಮ್ಮನ ಹಿಂದೆ ಅಡಗುತ್ತವೆ.

ಉಪ್ಪನಿಗೆ ನಿಧಾನವಾಗಿ ತಿಳಿಸುವ ಅಗತ್ಯ ಬೀಳಲಿಲ್ಲ. ನಿಮ್ಮ ಚೆಕ್ಕನ್ನು ಬ್ಯಾಂಕಿಗೆ ಹಾಕಲು ಹೊರಟವರು ಕನ್ನಡಕ ಹಾಕಿ ಓದಿದರು. ನಿಮ್ಮ ಹೆಸರಿನ ಹತ್ತಿರ ಎನ್‌ಆರ್‌ಇ ಎಂದು ಅಚ್ಚಾಗಿದೆ. ಅದು ಹೊರದೇಶದಲ್ಲಿ ಇರುವವರ ಖಾತೆ, ಊರಿಗೇ ಬಂದವರು ಅದನ್ನು ಬ್ಯಾಂಕಿಗೆ ಹೇಳಿ ಬದಲಿಸಬೇಕು ಎಂದು ಉಪ್ಪನಿಗೆ ಗೊತ್ತು, ಅವರ ತಮ್ಮ ದುಬೈಯಿಂದ ಬಂದಾಗ ಅಲೆದದ್ದು ಅವರೇ. ಊಟದ ಹೊತ್ತಿಗೆ ಎಲ್ಲರ ಎದುರು ಹೇಳಿದರು:

"ಮದುವೆ ಆಗಿ ಮೂರು ತಿಂಗಳಾಯ್ತು. ಈ ಚೆಕ್ಕಿನ ಲೆಕ್ಕದಲ್ಲಿ ಪುದಿಯಾಪ್ಲೆ ಇನ್ನೂ ವಿಮಾನ ಇಳಿದಿಲ್ಲ."

ಯಾರೂ ನಗಲಿಲ್ಲ. ಮರ್ವಾ ಕೂಡ. ಉಪ್ಪ ಚೆಕ್ಕು ಮಡಚಿ ಜೇಬಿಗೆ ಹಾಕಿಕೊಂಡರು. ಇನ್ನೂ ಅಲ್ಲೇ ಉಂಟು.

ಪರದೆ ಬಿಳಿ.

ಇತಿ,
ಮುಫೀದಾ


ಮುಂಬೈ
15 ಅಕ್ಟೋಬರ್ 2025

ಮುಫೀದಾ,

ನಿನ್ನ ಪತ್ರ ನಾಲ್ಕು ಸಲ ಓದಿದೆ. ಮೊದಲ ಸಲ ನನ್ನ ಕನ್ನಡದ ತಪ್ಪು ಎಂದುಕೊಂಡೆ. ನಾಲ್ಕನೇ ಸಲ ಹೌದು, ನನ್ನ ಕನ್ನಡದ ತಪ್ಪೇ ಎಂದು ಗೊತ್ತಾಯಿತು. ನಾನು ಬರೆದದ್ದು ನನ್ನ ಮನಸ್ಸಿನ ಮಾತು ಅಲ್ಲ. ಅದು ಕಾನೂನಿನ ಒಂದು ಹೆಸರು. ಇಂಗ್ಲಿಷಿನಲ್ಲಿ ರೆಸಿಡೆಂಟ್ ಬಟ್ ನಾಟ್ ಆರ್ಡಿನರಿಲಿ ರೆಸಿಡೆಂಟ್. ನಿನ್ನ ನಿಯಮ ಕನ್ನಡ ಮಾತ್ರ ಎಂದು. ಹಾಗೆ ಡಿಕ್ಷನರಿ ಇಟ್ಟುಕೊಂಡು ಶಬ್ದ ಶಬ್ದ ಕನ್ನಡ ಮಾಡಿದೆ. ಫ್ಲೋಯ್ಡ್‌ಗೆ ತೋರಿಸಿದೆ. ಅವನು ಹೊಟ್ಟೆ ಹಿಡಿದು ನಕ್ಕ. "ಮಾರಾಯ, ಟ್ಯಾಕ್ಸ್ ಉಳಿಸ್ಲಿಕ್ಕೆ ಹೋಗಿ ಹೆಂಡ್ತಿಯನ್ನು ಕಳ್ಕೊಳ್ತಿ" ಎಂದ.

ಈಗ ಸರಿಯಾಗಿ ಬರೆಯುತ್ತೇನೆ. ನಾನು ಮೇ ತಿಂಗಳಲ್ಲಿ ಬಂದೆ. ಈ ವರ್ಷ ಅರ್ಧಕ್ಕಿಂತ ಹೆಚ್ಚು ದಿನ ಭಾರತದಲ್ಲಿ ಇರುತ್ತೇನೆ. ಆದ್ದರಿಂದ ಟ್ಯಾಕ್ಸಿನವರ ಕಣ್ಣಿಗೆ ನಾನು ನಿವಾಸಿ. ಆದರೆ ಅದಕ್ಕೆ ಮೊದಲು ಎಷ್ಟೋ ವರ್ಷ ಹೊರಗೇ ಇದ್ದವನು. ಅಂಥವನನ್ನು ಕೂಡಲೇ ಪೂರಾ ನಿವಾಸಿ ಎನ್ನುವುದಿಲ್ಲ. ಎರಡು ವರ್ಷ ಹೀಗೆ ಅರ್ಧ ಬಾಗಿಲಲ್ಲಿ ನಿಲ್ಲಿಸುತ್ತಾರೆ. ಹಿಂದೆ ರಜೆಗೆ ಬಂದ ದಿನ ಕಡಿಮೆ ಇದ್ದರೆ ಮೂರನೇ ವರ್ಷವೂ.

ಉಪ್ಪನಿಗೆ ಹೇಳು: ನಾನು ಅಲ್ಲಿ ದುಡಿದು ಉಳಿಸಿದ ಹಣಕ್ಕೆ ಇಲ್ಲಿ ಟ್ಯಾಕ್ಸ್ ಇಲ್ಲ. ಇವತ್ತು ತಂದರೂ ಇಲ್ಲ, ಹತ್ತು ವರ್ಷ ಬಿಟ್ಟು ತಂದರೂ ಇಲ್ಲ. ಅದು ಆದಾಯ ಅಲ್ಲ, ಉಳಿತಾಯ. ಪ್ರಶ್ನೆ ಇರುವುದು ಆ ಹಣ ಅಲ್ಲಿ ಕೂತು ತರುವ ಬಡ್ಡಿಗೆ. ಈ ಎರಡು ವರ್ಷ ಆ ಬಡ್ಡಿಯನ್ನು ಭಾರತ ಕೇಳುವುದಿಲ್ಲ. ಪೂರಾ ನಿವಾಸಿ ಆದ ಮೇಲೆ ಅದನ್ನೂ ತೋರಿಸಬೇಕು, ಅಲ್ಲಿಯ ಖಾತೆಯನ್ನೂ ತೋರಿಸಬೇಕು. ಇಲ್ಲಿ ಅಂಗಡಿಯಲ್ಲಿ ಗಳಿಸಿದ್ದಕ್ಕೆ ಮೊದಲ ದಿನದಿಂದ ಟ್ಯಾಕ್ಸ್ ಉಂಟು. ಅಷ್ಟೇ. ಡಿಪಾಸಿಟಿನ ಅವಧಿ ಮುಗಿಯುವ ಮೊದಲು ಮುರಿಯುವುದು ನಷ್ಟ. ಅಂಗಡಿಗೆ ಬೇಕಾದಷ್ಟು ನನ್ನ ಹತ್ತಿರ ಬೇರೆ ಉಂಟು.

ವಾಸವಿಲ್ಲದವನು ಎಂದರೆ ನಿನ್ನನ್ನು ಬಿಟ್ಟು ಹೋಗುವವನು ಅಲ್ಲ.

ಬಿಳಿ ಪರದೆ ನನಗೆ ಇಷ್ಟ.

ಬಾಸಿತ್


ಉಳ್ಳಾಲ
22 ಅಕ್ಟೋಬರ್ 2025

ನನ್ನ ಪ್ರೀತಿಯ ನಾಟ್ ಆರ್ಡಿನರಿಲಿ ಪುದಿಯಾಪ್ಲೆ,

ಪರದೆ ಬಿಳಿಯಲ್ಲ, ನವಿಲಿನ ಹಸಿರು. ಕೋಪದಲ್ಲಿ ಸುಳ್ಳು ಬರೆದೆ.

ನಿಮ್ಮ ಪತ್ರವನ್ನು ಅಡುಗೆಮನೆಯಲ್ಲಿ ನಿಂತು ಓದಿದೆ, ಆಮೇಲೆ ಕೂತು ಓದಿದೆ, ಆಮೇಲೆ ನಗು ತಡೆಯಲಾರದೆ ಅಜ್ಜಿಗೆ ಓದಿ ಹೇಳಿದೆ. ಹವ್ವಮ್ಮಜ್ಜಿಗೆ ಟ್ಯಾಕ್ಸ್ ಎಂದರೆ ಏನು ಗೊತ್ತು ಎಂದುಕೊಂಡಿದ್ದೆ. ಅವರು ವೀಳ್ಯ ಜಗಿಯುವುದನ್ನು ನಿಲ್ಲಿಸಿ ಕೇಳಿದರು, "ಮನೆಯಲ್ಲಿ ಇದ್ದಾನೆ, ಆದರೆ ಮನೆಯವನಲ್ಲ. ಹಾಗೆಯಾ? ಅದಕ್ಕೆ ಇಂಗ್ಲಿಷ್ ಎಂತಕ್ಕೆ, ಪುದಿಯಾಪ್ಲೆ ಎಂದರೆ ಅದೇ ಅಲ್ವಾ?"

ನಾನು ನೆಲದ ಮೇಲೆ ಬಿದ್ದು ನಕ್ಕೆ. ಸರಿಯೇ ಅಲ್ಲವಾ? ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗುವುದಿಲ್ಲ, ಗಂಡನೇ ಇಲ್ಲಿಗೆ ಬರುವುದು. ಹೊಸ ಮದುಮಗ ಎಂಬ ಹೆಸರು ಅವನಿಗೆ ಮೊಮ್ಮಕ್ಕಳಾದರೂ ಹೋಗುವುದಿಲ್ಲ. ಸರಕಾರ ನಿಮಗೆ ಎರಡು ವರ್ಷದಲ್ಲಿ ಬಿಡುಗಡೆ ಕೊಡುತ್ತದೆ, ನಾವು ಅದನ್ನೂ ಕೊಡುವುದಿಲ್ಲ.

ಉಪ್ಪನಿಗೆ ಉಳಿತಾಯ ಬೇರೆ, ಬಡ್ಡಿ ಬೇರೆ ಎಂದು ವಿವರಿಸಿದೆ. ಬಂದರಿನ ಆ ಯಾರೋ ಹೇಳಿದ್ದು ತಪ್ಪು ಎಂದು ಒಪ್ಪಲು ಅವರಿಗೆ ಎರಡು ಲೋಟ ಚಹಾ ಬೇಕಾಯಿತು. ಕೊನೆಗೆ, "ಬಡ್ಡಿ ಹೇಗೂ ನಮಗೆ ಬೇಡ, ಅದನ್ನು ಏನು ಮಾಡುವುದೆಂದು ಅವನು ಮಸೀದಿಯ ಉಸ್ತಾದರ ಹತ್ತಿರ ಕೇಳಲಿ" ಎಂದರು. ಡಿಪಾಸಿಟ್ ಅಲ್ಲೇ ಇರಲಿ ಎಂದರು. ನಾನು ಗೆದ್ದೆ. ಎದ್ದು ಹೊರಟವರು ಬಾಗಿಲಲ್ಲಿ ನಿಂತು ಜೇಬು ಮುಟ್ಟಿಕೊಂಡರು. ಚೆಕ್ಕು ಇನ್ನೂ ಅದರಲ್ಲೇ ಉಂಟು.

ಅದರ ನಂತರ ನನ್ನ ನಗು ಸ್ವಲ್ಪ ಸ್ವಲ್ಪವೇ ಇಳಿಯಿತು. ನಿಮ್ಮ ಪತ್ರವನ್ನು ಮತ್ತೆ ತೆಗೆದು ನೋಡಿದೆ. ನಾನು ಕೇಳಿದ್ದಕ್ಕೆಲ್ಲ ಉತ್ತರ ಉಂಟು, ಚೆಕ್ಕಿನದ್ದೊಂದನ್ನು ಬಿಟ್ಟು. ಮೇ ತಿಂಗಳಿಂದ ನೀವು ಇಲ್ಲಿದ್ದೀರಿ. ಮುಂಬೈಗೆ ಹೋಗುವ ಹಿಂದಿನ ದಿನ ಬ್ಯಾಂಕಿಗೆ ಹೋಗಿಬರುತ್ತೇನೆ ಎಂದು ಕೊಡಿಯಾಲ್‌ಬೈಲಿಗೆ ಹೋದಿರಿ, ಕೆಲಸ ಮುಗಿಯಿತು ಎಂದಿರಿ. ಮತ್ತೆ ಖಾತೆ ಹಾಗೆಯೇ ಏಕೆ ಉಂಟು?

ಕಾನೂನಿನ ಶಬ್ದದ ಅರ್ಥ ನನಗೆ ಗೊತ್ತಾಯಿತು. ನಿಮ್ಮದು ಬರೆಯಿರಿ.

ಬೇಗ ಬರೆಯಿರಿ. ಒತ್ತಕ್ಷರ ತಪ್ಪಿದರೂ ಪರವಾಗಿಲ್ಲ.

ನಿಮ್ಮ
ಮುಫೀದಾ


ಉಳ್ಳಾಲ
10 ನವೆಂಬರ್ 2025

ಪ್ರೀತಿಯವರೇ,

ಅಂಚೆಯವರು ಇವತ್ತೂ ನಮ್ಮ ಗೇಟಿನೆದುರು ಸ್ಕೂಟರ್ ನಿಲ್ಲಿಸಲಿಲ್ಲ. ದೂರದಿಂದಲೇ ಕೈ ಆಡಿಸಿದರು. ಈಗ ಅವರಿಗೂ ನನ್ನ ವಿಷಯ ಗೊತ್ತಾಗಿದೆ.

ಫೋನಿನಲ್ಲಿ ನಿಮ್ಮ ಸ್ವರ ಚೆನ್ನಾಗಿಯೇ ಉಂಟು. ಊಟ ಆಯಿತು ಎನ್ನುತ್ತೀರಿ, ನಿದ್ದೆ ಬಂತು ಎನ್ನುತ್ತೀರಿ. ಉಮ್ಮ ಮಡಚಿದ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಚುತ್ತಾರೆ. ನಾನು ನಗುತ್ತ ಫೋನ್ ಇಡುತ್ತೇನೆ. ಆಮೇಲೆ ಮನೆಯೊಳಗೆ ಕೂರಲು ಆಗುವುದಿಲ್ಲ. ಸಮುದ್ರದ ಕಡೆ ಹೋಗಿ ತಡೆಗೋಡೆಯ ಕಲ್ಲಿನ ಮೇಲೆ ನಿಲ್ಲುತ್ತೇನೆ, ನಿಂತ ಕೂಡಲೇ ವಾಪಸ್ ಬರಬೇಕು ಎನಿಸುತ್ತದೆ, ಅಂಚೆ ಬಂದಿದ್ದರೆ ಎಂದು. ನೇತ್ರಾವತಿ ಸೇತುವೆಯ ಮೇಲೆ ರೈಲು ಹೋಗುವ ಸದ್ದು ಹುಟ್ಟಿದಂದಿನಿಂದ ಕೇಳುತ್ತಿದ್ದೇನೆ, ಈಗ ಪ್ರತಿ ಸಲ ತಲೆ ಎತ್ತುತ್ತೇನೆ.

ಒಂದು ಮದುವೆಯಲ್ಲಿ ಯಾರೋ ಉಮ್ಮನ ಹತ್ತಿರ ಕೇಳಿದರಂತೆ, ಪುದಿಯಾಪ್ಲೆ ಎಲ್ಲಿ, ಕಾಣುವುದೇ ಇಲ್ಲ ಎಂದು. ಉಮ್ಮ ಬಿರಿಯಾನಿ ತಿನ್ನದೆ ಬಂದರು. ಇದನ್ನು ನಿಮಗೆ ಬರೆಯಬಾರದು ಎಂದುಕೊಂಡಿದ್ದೆ.

ಎರಡು ಸಾಲು ಸಾಕು. ಬರುತ್ತೇನೆ ಎಂದಾದರೂ, ಇಲ್ಲ ಎಂದಾದರೂ.

ಮುಫೀದಾ


ಮುಂಬೈ
19 ನವೆಂಬರ್ 2025

ಮುಫೀದಾ,

ಸಲಾಂ. ನಾನು ಈ ಪತ್ರವನ್ನು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಇಂಗ್ಲಿಷಿನಲ್ಲಿ ನನಗೆ ತಪ್ಪಿಸಿಕೊಳ್ಳಲು ತುಂಬ ಶಬ್ದ ಗೊತ್ತು. ಅದಕ್ಕೆ ಹರಿದು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ದಿನ ನಾನು ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿ ರೇಚಲ್ ಎಂಬ ಮೇಡಂ ಇದ್ದರು. ಒಳ್ಳೆಯವರು. ನಾನು ಖಾತೆ ಬದಲಿಸಬೇಕು ಎಂದೆ. ಅವರು ತಲೆ ಎತ್ತಿ ಕೇಳಿದರು, "ಸರ್, ನೀವು ಖಾಯಂ ಬಂದದ್ದಾ? ಅಲ್ಲ ಪುನಃ ಹೋಗ್ಲಿಕ್ಕುಂಟಾ?"

ಸಣ್ಣ ಪ್ರಶ್ನೆ. ಟ್ಯಾಕ್ಸಿನವರು ದಿನ ಎಣಿಸುತ್ತಾರೆ, ಅದಕ್ಕೆ ಪಾಸ್‌ಪೋರ್ಟಿನ ಸೀಲು ಸಾಕು. ಬ್ಯಾಂಕಿನವರು ಮನಸ್ಸು ಕೇಳುತ್ತಾರೆ. ನನ್ನ ಬಾಯಿಯಲ್ಲಿ ಹೌದು ಬರಲಿಲ್ಲ. ಇನ್ನೊಮ್ಮೆ ಬರುತ್ತೇನೆ ಎಂದು ಎದ್ದು ಬಂದೆ. ನಿನ್ನ ಹತ್ತಿರ ಕೆಲಸ ಮುಗಿಯಿತು ಎಂದೆ.

ನಿನಗೆ ಹೇಳದೆ ಇಟ್ಟದ್ದು ಇನ್ನೊಂದು ಉಂಟು. ನನ್ನ ಬಹರೈನಿನ ಪರ್ಮಿಟ್ ಡಿಸೆಂಬರ್ ಕೊನೆಯವರೆಗೆ ಉಂಟು. ಹಳೆಯ ಅಂಗಡಿಯ ಯಜಮಾನರು ವಾಪಸ್ ಬಾ ಎಂದು ಕರೆಯುತ್ತಿದ್ದಾರೆ. ನಾನು ಇಲ್ಲ ಎಂದೂ ಹೇಳಿಲ್ಲ, ಬರುತ್ತೇನೆ ಎಂದೂ ಹೇಳಿಲ್ಲ. ಲ್ಯಾಬಿನ ಕೆಲಸ ಕಲಿತು ಮುಗಿದು ಒಂದು ತಿಂಗಳಾಯಿತು.

ಕಾರಣ ನೀನಲ್ಲ. ಇದನ್ನು ಮೊದಲು ಓದು.

ನಿಮ್ಮ ಮನೆಯಲ್ಲಿ ನಾನು ಬಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಉಪ್ಪ ಕೂಡ ಕುರ್ಚಿ ಬಿಡುತ್ತಾರೆ, ನನ್ನ ತಂದೆಯ ವಯಸ್ಸಿನವರು. ಉಮ್ಮ ನನ್ನ ಎದುರು ಬರುವುದೇ ಇಲ್ಲ, ಬಾಗಿಲ ಹಿಂದಿನಿಂದ ಇನ್ನೊಂದು ಅಕ್ಕಿಯ ಪತ್ತಿರ್ ರೊಟ್ಟಿ ಬರುತ್ತದೆ, ಇನ್ನೊಂದು ಬರುತ್ತದೆ. ಪ್ರತಿದಿನ ಕೋಳಿ ಸುಕ್ಕ, ಇಲ್ಲದಿದ್ದರೆ ಅಂಜಲ್ ಮೀನಿನ ಫ್ರೈ. ಅಡುಗೆಮನೆಯಿಂದ ಬೂತಾಯಿ ಸಾರಿನ ವಾಸನೆ ಬರುತ್ತದೆ, ನೀವೆಲ್ಲ ಒಳಗೆ ಕೂತು ಅದನ್ನು ತಿಂದು ನಗುತ್ತೀರಿ. ನನ್ನ ಉಮ್ಮ ಬಹರೈನಿನ ಮನಾಮಾದಲ್ಲಿ ಬೂತಾಯಿ ಸಿಕ್ಕಿದ ದಿನ ಹಬ್ಬ ಮಾಡುತ್ತಿದ್ದರು. ನಾನು ಒಬ್ಬನೇ ಹಾಲ್‌ನಲ್ಲಿ ಅಂಜಲ್ ತಿನ್ನುತ್ತೇನೆ. ಬೂತಾಯಿ ಕೊಡಿ ಎಂದು ಹೇಗೆ ಕೇಳುವುದು? ಅದು ಅಗ್ಗದ ಮೀನು, ಪುದಿಯಾಪ್ಲೆಗೆ ಬಡಿಸುವುದಲ್ಲ ಎಂದು ಮರ್ವಾ ಒಮ್ಮೆ ಹೇಳಿದಳು.

ಒಂದು ದಿನ ನನ್ನ ತಟ್ಟೆಯನ್ನು ನಾನೇ ಎತ್ತಿ ತೊಳೆಯಲು ಹೋದೆ. ನಿನಗೆ ನೆನಪಿರಬೇಕು. ಮೂರು ಜನ ಓಡಿ ಬಂದರು. ಊಟ ಸರಿಯಾಗಲಿಲ್ಲ ಎಂದು ನಾನು ಮುನಿದೆ ಅಂತ ಉಮ್ಮ ಅತ್ತರು. ಉಪ್ಪ ಆ ಸಂಜೆ ಊಟಕ್ಕೇ ಕೂರಲಿಲ್ಲ. ಒಂದು ತಟ್ಟೆಗೆ.

ಬಹರೈನಿನಲ್ಲಿ ಹುಟ್ಟಿ ಬೆಳೆದರೂ ನಾನು ಹೊರಗಿನವ. ಅಲ್ಲಿಯ ಕಾರ್ಡಿನಲ್ಲಿ ಹಾಗೆಯೇ ಬರೆದಿದೆ. ಊರಿಗೆ ಹೋದರೆ ಅದು ಮುಗಿಯುತ್ತದೆ ಎಂದು ಬಂದೆ. ಇಲ್ಲಿ ಟ್ಯಾಕ್ಸಿನವರು ನೀನು ಆರ್ಡಿನರಿ ಅಲ್ಲ ಎನ್ನುತ್ತಾರೆ. ನಿಮ್ಮ ಮನೆಯವರೂ ಅದನ್ನೇ ಎನ್ನುತ್ತಾರೆ, ಎಷ್ಟು ಪ್ರೀತಿಯಿಂದ.

ನನಗೆ ಆರ್ಡಿನರಿ ಆಗಬೇಕು, ಮುಫೀದಾ.

ಹೋಗಲು ಮನಸ್ಸಿಲ್ಲ. ಆ ಹಾಲ್‌ಗೆ ಬರಲು ಧೈರ್ಯ ಇಲ್ಲ. ಇದನ್ನು ಉಪ್ಪನಿಗೆ ಓದಿ ಹೇಳಬೇಡ.

ಬಾಸಿತ್


ಉಳ್ಳಾಲ
1 ಡಿಸೆಂಬರ್ 2025

ನನ್ನ ಬಾಸಿತ್,

ನಿಮ್ಮ ಹೆಸರು ಹಿಡಿದು ಬರೆದೆ, ನೋಡಿ. ಹೆಂಡತಿ ಗಂಡನ ಹೆಸರು ಹಿಡಿಯಬಾರದು ಎಂದು ಉಮ್ಮ ಹೇಳುತ್ತಾರೆ. ಆರ್ಡಿನರಿ ಆಗುವುದನ್ನು ಎಲ್ಲಿಂದಾದರೂ ಶುರು ಮಾಡಬೇಕಲ್ಲ.

ನನಗೆ ಮೊದಲು ಸಿಟ್ಟು ಬಂತು. ಪರ್ಮಿಟ್ ವಿಷಯಕ್ಕೆ ಬಂದ ಸಿಟ್ಟು ಇನ್ನೂ ಸ್ವಲ್ಪ ಉಂಟು, ಅದನ್ನು ಎದುರಲ್ಲೇ ತೋರಿಸುತ್ತೇನೆ. ಆಮೇಲೆ ಬೂತಾಯಿಯ ಸಾಲು ಬಂತು. ನಾವು ಒಳಗೆ ನಗುತ್ತಿದ್ದದ್ದು ಯಾವುದಕ್ಕೆ ಎಂದು ಗೊತ್ತಾ? ಉಮ್ಮ ಪ್ರತಿ ಸಲ, "ಪುದಿಯಾಪ್ಲೆ ಇನ್ನೊಂದು ತುಂಡು ತೆಗೆದರು" ಎಂದು ಕುಣಿಯುವಷ್ಟು ಸಂತೋಷ ಪಡುತ್ತಿದ್ದರು. ಅದಕ್ಕೆ ನಗು. ಅವರು ನಿಮಗೆಂದು ಅಂಜಲಿಗಾಗಿ ಮೀನಿನವಳ ಜೊತೆ ಬೆಳಗ್ಗೆ ಜಗಳವಾಡುತ್ತಿದ್ದರು, ನೀವು ಬೂತಾಯಿಗಾಗಿ ಹಾಲ್‌ನಲ್ಲಿ ಸಾಯುತ್ತಿದ್ದಿರಿ. ನಡುವೆ ಒಂದು ಬಾಗಿಲು, ಅದಕ್ಕೆ ಚಿಲಕವೂ ಇಲ್ಲ. ಆ ಬಾಗಿಲಲ್ಲೇ ಓಡಾಡುತ್ತಿದ್ದವಳು ನಾನು.

ಉಪ್ಪನಿಗೆ ಓದಬೇಡ ಎಂದಿರಿ, ಓದಲಿಲ್ಲ. ಅಜ್ಜಿಗೆ ಓದಬೇಡ ಎಂದಿರಲಿಲ್ಲ.

ಹವ್ವಮ್ಮಜ್ಜಿ ಪೂರ್ತಿ ಕೇಳಿದರು. ಎದ್ದು ಹೋಗಿ ನಮಾಝ್ ಮಾಡಿದರು. ನಾನು ಉಪ್ಪನ ಹತ್ತಿರ, ಮುಂಬೈಗೆ ಹೋಗುತ್ತೇನೆ, ಅವರನ್ನು ಕರೆದುಕೊಂಡು ಬರಲಿಕ್ಕೆ ಎಂದೆ. ನಮ್ಮ ಮನೆಯ ಹೆಣ್ಣು ಗಂಡನನ್ನು ಹುಡುಕಿಕೊಂಡು ಹೋದದ್ದಿಲ್ಲ, ಪುದಿಯಾಪ್ಲೆಯೇ ಬರುವುದು ಎಂದರು ಉಪ್ಪ. ಬಂದ ಮೇಲೆ ಈ ಮನೆಯಲ್ಲಿ ಅಲ್ಲ, ಸ್ವಲ್ಪ ದಿನ ಬೇರೆ ಮನೆ ಮಾಡುತ್ತೇವೆ ಎಂದೂ ಹೇಳಿದೆ. ಆಗ ಅವರ ಮುಖ ನೋಡಲು ನನಗೆ ಆಗಲಿಲ್ಲ. ನನ್ನ ಮನೆಯಲ್ಲಿ ಅವನಿಗೆ ಏನು ಕಡಿಮೆ ಆಯಿತು ಎಂದು ಮೆಲ್ಲಗೆ ಕೇಳಿದರು. ಕಡಿಮೆ ಆದದ್ದಲ್ಲ ಉಪ್ಪ, ಹೆಚ್ಚಾದದ್ದು ಎಂದು ನಾನು ಹೇಳಿದರೆ ಅವರಿಗೆ ಹೇಗೆ ಅರ್ಥ ಆಗಬೇಕು.

ಹೇಳಿದವರು ಅಜ್ಜಿ. ತಸ್ಬೀಹ್ ಮಣಿಸರ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದು ನಿಂತರು.

"ನಿನ್ನ ಬಾಪ ಈ ಮನೆಯಲ್ಲಿ ನಲವತ್ತು ವರ್ಷ ಇದ್ದರು, ರಹ್ಮಾನ್. ಒಂದು ದಿನ ಅಡುಗೆಮನೆಗೆ ಬಂದು ನೀರು ಕೊಡು ಅಂತ ಕೇಳ್ಲಿಲ್ಲ. ಕೊಡೆಯನ್ನು ಒಂದು ದಿನ ಒಳಗೆ ಇಡ್ಲಿಲ್ಲ, ಜಗಲಿಯಲ್ಲೇ ಇಡ್ತಿದ್ರು. ಮರ್ಯಾದೆ ಅಂತ ನಾನು ಎಣಿಸಿದ್ದು. ಮಯ್ಯತ್ ಎತ್ತಿ ಕಬರಿಗೆ ಒಯ್ದ ದಿನವೂ ಕೊಡೆ ಅಲ್ಲೇ ಇತ್ತು, ಈಗ ಹೊರಡುವವರ ಹಾಗೆ. ಇವಳು ಹೋಗಲಿ."

ಅಜ್ಜಿ ಮಗನಿಗೆ ಇಷ್ಟು ಉದ್ದ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಈ ಮನೆ ಅಜ್ಜಿಯದ್ದು, ಉಪ್ಪ ಇಲ್ಲೇ ಹುಟ್ಟಿದವರು, ಉಮ್ಮನ ತವರಿನಲ್ಲಿ ಮನೆ ಇಲ್ಲದ ಕಾರಣ ಅವರು ಒಂದು ದಿನವೂ ಪುದಿಯಾಪ್ಲೆಯಾಗಿ ಬೇರೆ ಮನೆಯಲ್ಲಿ ಕೂತವರಲ್ಲ. ಅದನ್ನು ನಾನೂ ಆ ಹೊತ್ತಿಗೇ ಯೋಚಿಸಿದ್ದು. ಉಪ್ಪ ಎದ್ದು ಜಗಲಿಗೆ ಹೋದರು. ಅಲ್ಲಿ ಗೋಡೆಯಲ್ಲಿ ಆ ಕೊಡೆಯ ಮೊಳೆ ಇನ್ನೂ ಉಂಟು.

ಮರುದಿನ ನಾನು ಬಿಕರ್ನಕಟ್ಟೆಗೆ ಹೋದೆ. ಫ್ಲೋಯ್ಡ್ ಅವರ ತಾಯಿಯ ಮನೆಯ ಮಹಡಿ ಖಾಲಿ ಉಂಟು ಎಂದು ನೀವು ಒಮ್ಮೆ ಫೋನಿನಲ್ಲಿ ಹೇಳಿದ್ದಿರಿ, ಊಟ ಆಯಿತಾ ಎಂಬುದರ ನಡುವೆ. ಒಲಿಂಡಾ ಆಂಟಿ ನನ್ನನ್ನು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋಗಿ, ಈರುಳ್ಳಿ ಹೆಚ್ಚುತ್ತ ಮಾತಾಡಿಸಿದರು. ಗುರುವಾರ ಬಾಲ ಯೇಸುವಿನ ಚರ್ಚಿಗೆ ಜನ ಬರುವಾಗ ಗೇಟಿನೆದುರು ಗಾಡಿ ನಿಲ್ಲಿಸುತ್ತಾರೆ, ನಲ್ಲಿ ಸ್ವಲ್ಪ ಸೋರುತ್ತದೆ, ಇದೆಲ್ಲ ಮೊದಲೇ ಹೇಳಿದರು. ನನ್ನ ಗಂಡ ಬಂದರೆ ನೀವು ಎದ್ದು ನಿಲ್ಲುತ್ತೀರಾ ಎಂದು ಕೇಳಿದೆ. "ಎಂತಕ್ಕೆ? ನನಗೆ ಮೊಣಕಾಲು ನೋವುಂಟು. ಬಿಷಪ್ಪರು ಬಂದ್ರೂ ಕೂತೇ ಇರ್ತೇನೆ" ಎಂದರು. ಆ ಮಹಡಿಯಲ್ಲಿ ಒಂದೇ ಅಡುಗೆಮನೆ, ಅದೇ ಊಟದ ಕೋಣೆ. ಹಾಲ್ ಇಲ್ಲ. ಕೀ ತೆಗೆದುಕೊಂಡಿಲ್ಲ. ನೀವು ನೋಡಿ ಹೂಂ ಎಂದ ಮೇಲೆ.

ಪ್ರತಿ ಶುಕ್ರವಾರ ಉಳ್ಳಾಲಕ್ಕೆ ಬರಬೇಕು, ಅದು ಅಜ್ಜಿಯ ಷರತ್ತು. ಆ ದಿನ ಅಂಜಲ್ ತಿನ್ನಲೇಬೇಕು, ಅದು ಉಮ್ಮನದ್ದು. ಉಮ್ಮ ಎರಡು ದಿನ ಅತ್ತು, ಮೂರನೇ ದಿನ, ಬೂತಾಯಿಗೆ ಅಷ್ಟು ಆಸೆ ಇದ್ದರೆ ಬಾಯಿ ಬಿಟ್ಟು ಹೇಳಬಾರದಿತ್ತಾ ಎಂದು ಬೂತಾಯಿಯದ್ದೇ ಉಪ್ಪಿನಕಾಯಿ ಹಾಕಲು ಕೂತರು. ಯಾರು ಹೇಳಿದರು ಎಂದು ಕೇಳಬೇಡಿ. ಅಜ್ಜಿಗೂ ಬಾಯಿ ಉಂಟು.

ಉಪ್ಪ ನಾಲ್ಕು ದಿನ ನಾನು ಏಳುವ ಮೊದಲೇ ಬಂದರಿಗೆ ಹೋದರು. ನಿನ್ನೆ ಬಂದರಿನಿಂದ ಬಂದು, ಚಪ್ಪಲಿ ಬಿಟ್ಟು, ಮುಖ ಒರೆಸುತ್ತ, ಹಗ್ಗದ ರೇಟು ಹೇಳುವ ಹಾಗೆ, "ಲೋವರ್ ಬರ್ತ್ ಸಿಕ್ಕಿತು" ಎಂದರು. ಟಿಕೆಟ್ಟನ್ನು ಅವರೇ ಮಾಡಿಸಿದ್ದಾರೆ. ಜೇಬಿನಿಂದ ನಿಮ್ಮ ಚೆಕ್ಕನ್ನೂ ತೆಗೆದು ಕೊಟ್ಟರು. ಮಡಚಿ ಮಡಚಿ ಅಂಚು ಬಿಳಿಯಾಗಿದೆ. "ಇದನ್ನು ಅವನಿಗೇ ಕೊಡು. ವಿಮಾನ ಇಳಿದ ಮೇಲೆ ಬೇರೆ ಬರೆಯಲಿ. ಶೆಟ್ಟರ ಹತ್ತಿರ ನಾನು ಮಾತಾಡ್ತೇನೆ."

ಆದ್ದರಿಂದ ಕೇಳಿ. ನಿಮಗೆ ಈಗಲೂ ಬಹರೈನಿಗೇ ಹೋಗಬೇಕು ಎಂದಿದ್ದರೆ ಕಾಗದದಲ್ಲಿ ಬರೆಯಬೇಡಿ. ಸ್ಟೇಷನ್ನಿನಲ್ಲಿ, ನನ್ನ ಮುಖ ನೋಡಿ ಹೇಳಿ. ನಾನು ಕೇಳಿಸಿಕೊಂಡು, ಉಪ್ಪಿನಕಾಯಿಯ ಭರಣಿಯನ್ನು ಫ್ಲೋಯ್ಡ್‌ಗೆ ಕೊಟ್ಟು ವಾಪಸ್ ಬರುತ್ತೇನೆ. ಹೋಗಬೇಕಾಗಿಲ್ಲ ಎಂದಿದ್ದರೆ ನಾವಿಬ್ಬರೂ ಒಟ್ಟಿಗೆ ಬಂದು ರೇಚಲ್ ಮೇಡಂ ಎದುರು ಕೂರುವ. ಪ್ರಶ್ನೆ ಅವರು ಕೇಳಲಿ. ಸರಕಾರ ಎರಡು ವರ್ಷ ನಿಮ್ಮನ್ನು ಅರ್ಧ ಬಾಗಿಲಲ್ಲಿ ನಿಲ್ಲಿಸಿದರೆ ನಿಲ್ಲಿಸಲಿ, ನನ್ನ ಅಡುಗೆಮನೆಯಲ್ಲಿ ಮೊದಲ ದಿನದಿಂದ ನೀವು ತಟ್ಟೆ ತೊಳೆಯಬೇಕು, ನನ್ನದನ್ನೂ.

ಈ ಸಲ ಬರುವ ಪುದಿಯಾಪ್ಲೆ ನಾನು. ಆದರೆ ನಾನು ಇಳಿದಾಗ ನೀವು ಮರ್ಯಾದೆಯಿಂದ ಕೈ ಕಟ್ಟಿ ನಿಲ್ಲಬೇಡಿ, ಬ್ಯಾಗು ಹಿಡಿಯಿರಿ, ಭಾರ ಉಂಟು. ಬೂತಾಯಿ ಹೊತ್ತುಕೊಂಡು ಬರಲು ಇದಕ್ಕಿಂತ ತಕ್ಕ ಹೆಸರಿನ ರೈಲು ಇನ್ನೊಂದು ಇಲ್ಲ: ಡಿಸೆಂಬರ್ ಹನ್ನೆರಡು, ಶುಕ್ರವಾರ, ಮಂಗಳೂರು ಸೆಂಟ್ರಲ್‌ನಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್, ಶನಿವಾರ ಬೆಳಗ್ಗೆ ಕುರ್ಲಾದಲ್ಲಿ ಇಳಿಯುತ್ತೇನೆ.